ಪ್ರದರ್ಶನದಲ್ಲಿ ಗೆದ್ದು ತೊಟ್ಟಿಯಲ್ಲಿ ಸೋಲುವ ಮಂಡಲ

ಶಾಲಾ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದವರೆಲ್ಲ ಈ ಮಾದರಿಯನ್ನು ಒಮ್ಮೆಯಾದರೂ ನೋಡಿರುತ್ತೀರಿ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್, ಅದರೊಳಗೆ ಇಳಿಬಿಟ್ಟ ಎರಡು ತಾಮ್ರದ ತಂತಿಗಳು, ಪಕ್ಕದಲ್ಲಿ ಹಲಗೆಗೆ ಕೂರಿಸಿದ ಒಂದು ಟ್ರಾನ್ಸಿಸ್ಟರ್, ಒಂದು ರಿಲೇ, ಒಂದು ಪುಟ್ಟ ದೀಪ. ವಿದ್ಯಾರ್ಥಿನಿ ಚೊಂಬಿನಿಂದ ನೀರು ಸುರಿಯುತ್ತಾಳೆ. ನೀರು ಮೇಲಿನ ತಂತಿಯನ್ನು ಮುಟ್ಟಿದೊಡನೆ ರಿಲೇ 'ಟಕ್' ಎನ್ನುತ್ತದೆ, ದೀಪ ಆರುತ್ತದೆ. 'ದೀಪದ ಜಾಗದಲ್ಲಿ ಪಂಪಿನ ಮೋಟಾರು ಇದ್ದರೆ ತೊಟ್ಟಿ ತುಂಬಿದ ಕೂಡಲೇ ತಾನಾಗಿ ನಿಲ್ಲುತ್ತದೆ ಸರ್' ಎಂದು ವಿವರಣೆ. ಮೆಚ್ಚುಗೆ, ಬಹುಮಾನ, ಚಪ್ಪಾಳೆ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಪ್ರದರ್ಶನದಲ್ಲಿ ನಾನು ತೀರ್ಪುಗಾರನಾಗಿದ್ದೆ. ಇದೇ ಮಾದರಿಯನ್ನು ಇಬ್ಬರು ತಂದಿದ್ದರು. ಒಬ್ಬಳದು ಚೆನ್ನಾಗಿ ಕೆಲಸ ಮಾಡಿತು. ಇನ್ನೊಬ್ಬ ಹುಡುಗನದು ಎಷ್ಟು ನೀರು ಸುರಿದರೂ 'ಟಕ್' ಎನ್ನಲಿಲ್ಲ. ಅವನು ಬೆವರುತ್ತಾ ಹೇಳಿದ: 'ಸರ್, ನಮ್ಮೂರ ಬೋರ್‌ವೆಲ್ ನೀರಿಗೆ ಆಗ್ತಿತ್ತು. ಇಲ್ಲಿ ಕ್ಯಾನಿನ ನೀರು ಕೊಟ್ಟಿದಾರೆ, ಇದಕ್ಕೆ ಆಗ್ತಿಲ್ಲ.' ಅದನ್ನು ನಾನು ನೆಪವೆಂದು ಭಾವಿಸಿ ಕಡಿಮೆ ಅಂಕ ಬರೆದು ಮುಂದೆ ಹೋದೆ. ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಹುಡುಗನ ಮಾತು ನಿಜವಿರಬಹುದು ಎಂದು ತಿಳಿಯಿತು. ಇಡೀ ಪ್ರದರ್ಶನದಲ್ಲಿ ನಿಜವಾದ ವೀಕ್ಷಣೆಯೊಂದನ್ನು ನನಗೆ ಹೇಳಿದವನು ಅವನೊಬ್ಬನೇ ಇರಬೇಕು.

ಅಂದಿನಿಂದ ಈ ಮಂಡಲವನ್ನು ಒಂದು ಪಠ್ಯದಂತೆ ಓದುವುದು ನನಗೆ ಅಭ್ಯಾಸವಾಗಿದೆ. ಯೋಜನಾ ಕೈಪಿಡಿಗಳು ಒಂದರಿಂದ ಒಂದು ನಕಲು ಮಾಡುತ್ತ ಬಂದ ಈ ಚಿತ್ರದಲ್ಲಿ ಗುಣವೇನು, ಲೋಪವೇನು ಎಂಬುದನ್ನು ನೀವೂ ನನ್ನೊಡನೆ ಪರಿಶೀಲಿಸಿ.

ಮಂಡಲದ ಗುಣ

ಚಿತ್ರ ಸರಳವಾಗಿದೆ. 12 ವೋಲ್ಟ್ ಆಕರದ ಧನ ತುದಿಯಿಂದ ಒಂದು ತಂತಿ ತೊಟ್ಟಿಯ ತಳಕ್ಕೆ ಹೋಗುತ್ತದೆ. ತುಂಬಿದ ಮಟ್ಟದಲ್ಲಿರುವ ಇನ್ನೊಂದು ತಂತಿ ಒಂದು ರೋಧಕದ ಮೂಲಕ ಟ್ರಾನ್ಸಿಸ್ಟರ್‌ನ ಬೇಸ್ ತಲುಪುತ್ತದೆ. ಎಮಿಟರ್ ಋಣ ತುದಿಗೆ, ಕಲೆಕ್ಟರ್ ರಿಲೇಯ ಸುರುಳಿಯ ಮೂಲಕ ಧನ ತುದಿಗೆ. ನೀರು ಎರಡು ತಂತಿಗಳನ್ನು ಕೂಡಿಸಿದಾಗ ಬೇಸ್‌ಗೆ ಅಲ್ಪ ಪ್ರವಾಹ ಹರಿಯುತ್ತದೆ. ಟ್ರಾನ್ಸಿಸ್ಟರ್ ಅದನ್ನು ನೂರಾರು ಪಟ್ಟು ಹೆಚ್ಚಿಸುತ್ತದೆ. ರಿಲೇಯ ವಿದ್ಯುತ್ಕಾಂತ ತನ್ನ ಕಬ್ಬಿಣದ ಪಟ್ಟಿಯನ್ನು ಸೆಳೆದು ಮೋಟಾರಿನ ಸಂಪರ್ಕವನ್ನು ಬಿಡಿಸುತ್ತದೆ.

ನೀರಿನ ವಾಹಕತೆ, ಟ್ರಾನ್ಸಿಸ್ಟರ್ ಸ್ವಿಚ್ಚಾಗಿ ವರ್ತಿಸುವ ರೀತಿ, ವಿದ್ಯುತ್ಕಾಂತ - ಮೂರು ಪಾಠಗಳು ಒಂದೇ ಹಲಗೆಯ ಮೇಲೆ ಕೂಡುತ್ತವೆ. ಬಿಡಿಭಾಗಗಳು ಅಗ್ಗ. ಬೋಧನೆಗೆ ಇದಕ್ಕಿಂತ ಒಳ್ಳೆಯ ಮಂಡಲಗಳು ಹೆಚ್ಚಿಲ್ಲ. ಆದ್ದರಿಂದಲೇ ಅದನ್ನು ಅರೆಬರೆಯಾಗಿ ಕಲಿಸುವುದು ನಷ್ಟ.

ಲೆಕ್ಕವಿಲ್ಲದ ರೋಧಕ

ಬೇಸ್‌ಗೆ ಜೋಡಿಸಿದ ರೋಧಕದ ಬೆಲೆ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಏಕೆ ಆ ಬೆಲೆ ಎಂಬ ವಿವರಣೆ ಮಾತ್ರ ಸಿಗುವುದು ಅಪರೂಪ. 100 ಕಿಲೋಓಮ್ ಇರುವ ರೂಪವನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ.

ಸಾಮಾನ್ಯವಾಗಿ ದೊರೆಯುವ ಪುಟ್ಟ 12 ವೋಲ್ಟ್ ರಿಲೇಯ ಸುರುಳಿಯ ರೋಧ ಸುಮಾರು 400 ಓಮ್. ಪೂರ್ಣ ವೋಲ್ಟೇಜಿನಲ್ಲಿ ಅದರಲ್ಲಿ 30 ಮಿಲಿಆಂಪಿಯರ್ ಹರಿಯುತ್ತದೆ. ಪಟ್ಟಿಯನ್ನು ಖಚಿತವಾಗಿ ಸೆಳೆಯಲು ಅದರ ಮುಕ್ಕಾಲು ಭಾಗವಾದ 9 ವೋಲ್ಟ್, ಅಂದರೆ 22.5 ಮಿಲಿಆಂಪಿಯರ್ ಬೇಕು ಎಂದುಕೊಳ್ಳೋಣ. ಬೇಸ್ ಮತ್ತು ಎಮಿಟರ್ ನಡುವೆ 0.7 ವೋಲ್ಟ್ ಕಳೆದರೆ ಉಳಿಯುವುದು 11.3 ವೋಲ್ಟ್. ನೀರಿನ ರೋಧ ನಗಣ್ಯವೆಂದರೆ ಬೇಸ್ ಪ್ರವಾಹ ಸುಮಾರು 0.11 ಮಿಲಿಆಂಪಿಯರ್. ಹಾಗಾದರೆ ಟ್ರಾನ್ಸಿಸ್ಟರ್‌ನ ಪ್ರವಾಹ ವರ್ಧನೆ ಕನಿಷ್ಠ 200ರಷ್ಟಿರಬೇಕು.

ಈಗ ಬಿಸಿ 547 ಟ್ರಾನ್ಸಿಸ್ಟರ್‌ನ ವಿವರಪಟ್ಟಿಯನ್ನು ತೆರೆಯಿರಿ. 2 ಮಿಲಿಆಂಪಿಯರ್‌ನಲ್ಲಿ ಅಳೆದಾಗ 'ಎ' ಗುಂಪಿನ ವರ್ಧನೆ 110ರಿಂದ 220, 'ಬಿ' ಗುಂಪಿನದು 200ರಿಂದ 450, 'ಸಿ' ಗುಂಪಿನದು 420ರಿಂದ 800. ಅಂಗಡಿಯವನು 'ಎ' ಕೊಟ್ಟರೆ ಮಾದರಿ ಕೆಲಸ ಮಾಡುವುದು ಕಷ್ಟ, 'ಸಿ' ಕೊಟ್ಟರೆ ಬಹುಮಾನ. ವಿದ್ಯಾರ್ಥಿಯ ಶ್ರಮಕ್ಕೂ ಈ ಫಲಿತಾಂಶಕ್ಕೂ ಸಂಬಂಧವೇ ಇಲ್ಲ.

ಇನ್ನು ನೀರಿನ ಮಾತು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಕರಗಿದ ಘನಪದಾರ್ಥದ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಆಕರವಿಲ್ಲದಿದ್ದರೆ 2000ದವರೆಗೆ ಅನುಮತಿಯಿದೆ. 500 ಮಿಲಿಗ್ರಾಂ ಇರುವ ನೀರಿನ ರೋಧಶೀಲತೆ ಅಂದಾಜು 1300 ಓಮ್-ಸೆಂಟಿಮೀಟರ್. 2 ಮಿಲಿಮೀಟರ್ ವ್ಯಾಸದ ಎರಡು ಸರಳುಗಳನ್ನು 5 ಸೆಂಟಿಮೀಟರ್ ಅಂತರದಲ್ಲಿ 1 ಸೆಂಟಿಮೀಟರ್ ಮುಳುಗಿಸಿದರೆ ನಡುವಿನ ರೋಧ 1.6 ಕಿಲೋಓಮ್ ಆಸುಪಾಸು ಬರುತ್ತದೆ. 100 ಕಿಲೋಓಮ್ ಎದುರು ಇದು ಲೆಕ್ಕಕ್ಕಿಲ್ಲ. ಆದರೆ ಆರ್‌ಒ ಯಂತ್ರದಿಂದ ಬಂದ, ಲೀಟರಿಗೆ 30 ಮಿಲಿಗ್ರಾಂ ಮಾತ್ರ ಲವಣವುಳ್ಳ ನೀರಿನಲ್ಲಿ ಅದೇ ರೋಧ 26 ಕಿಲೋಓಮ್ ಆಗುತ್ತದೆ. ಬೇಸ್ ಪ್ರವಾಹ 0.09 ಮಿಲಿಆಂಪಿಯರ್‌ಗೆ ಇಳಿಯುತ್ತದೆ, ಬೇಕಾದ ವರ್ಧನೆ 250ಕ್ಕೆ ಏರುತ್ತದೆ.

ಆ ಹುಡುಗನ ಟ್ರಾನ್ಸಿಸ್ಟರ್‌ನ ವರ್ಧನೆ 225 ಇದ್ದಿದ್ದರೆ? ಊರಿನ ಬೋರ್‌ವೆಲ್ ನೀರಿಗೆ ಆಗುತ್ತದೆ, ಕ್ಯಾನಿನ ನೀರಿಗೆ ಆಗುವುದಿಲ್ಲ. ಅವನು ಹೇಳಿದ್ದು ಅಷ್ಟೇ.

ಪರಿಹಾರ ಎರಡು ಬಗೆ. ರೋಧಕವನ್ನು 4.7 ಕಿಲೋಓಮ್‌ಗೆ ಇಳಿಸಿದರೆ ಬೇಸ್‌ಗೆ 1.8 ಮಿಲಿಆಂಪಿಯರ್ ಸಿಕ್ಕಿ ಯಾವ ಗುಂಪಿನ ಟ್ರಾನ್ಸಿಸ್ಟರ್ ಆದರೂ ಸಂತೃಪ್ತ ಸ್ಥಿತಿಗೆ ಬರುತ್ತದೆ. ಅಥವಾ ಎರಡು ಟ್ರಾನ್ಸಿಸ್ಟರ್‌ಗಳನ್ನು ಡಾರ್ಲಿಂಗ್ಟನ್ ಜೋಡಣೆಯಲ್ಲಿ ಬಳಸಬಹುದು. ಇಲ್ಲಿ ಎರಡರ ವರ್ಧನೆಗಳೂ ಗುಣಿಸಿಕೊಳ್ಳುತ್ತವೆ: 110ನ್ನು 110ರಿಂದ ಗುಣಿಸಿದರೆ 12,100. ಕೆಲವೇ ಮೈಕ್ರೊಆಂಪಿಯರ್ ಸಾಕು. ಮೊದಲ ದಾರಿ ಸುಲಭ. ಆದರೆ ಅದಕ್ಕೊಂದು ಬೆಲೆ ತೆರಬೇಕು.

ಕರಗುವ ಸರಳು

ನಿಕೊಲ್ಸನ್ ಮತ್ತು ಕಾರ್ಲೈಲ್ 1800ರಲ್ಲಿ ವೋಲ್ಟಾನ ಕೋಶಸ್ತಂಭದಿಂದ ನೀರನ್ನು ವಿಭಜಿಸಿದ್ದನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ಫ್ಯಾರಡೆಯ ನಿಯಮಗಳನ್ನೂ ಬಾಯಿಪಾಠ ಮಾಡಿಸುತ್ತೇವೆ. ಆದರೆ ನೀರಿನಲ್ಲಿ ಎರಡು ತಾಮ್ರದ ತಂತಿಗಳನ್ನಿಟ್ಟು ನೇರ ವಿದ್ಯುತ್ ಹರಿಸಿದಾಗ ಅದೂ ವಿದ್ಯುದ್ವಿಭಜನೆಯ ಪಾತ್ರೆಯೇ ಎಂಬುದನ್ನು ಭೌತಶಾಸ್ತ್ರದ ಮಾದರಿ ಎದುರಿಗೆ ಬಂದಾಗ ಮರೆತುಬಿಡುತ್ತೇವೆ.

ಒಂದು ಕೂಲಂಬ್ ಆವೇಶ 0.33 ಮಿಲಿಗ್ರಾಂ ತಾಮ್ರವನ್ನು ಕರಗಿಸಬಲ್ಲದು. ತೊಟ್ಟಿ ಇಡೀ ದಿನ ತುಂಬಿದ್ದು 1.8 ಮಿಲಿಆಂಪಿಯರ್ ಹರಿದರೆ ಒಟ್ಟು 155 ಕೂಲಂಬ್. ಅದೆಲ್ಲ ತಾಮ್ರವನ್ನು ಕರಗಿಸುವುದಕ್ಕೇ ಬಳಕೆಯಾದರೆ ದಿನಕ್ಕೆ ಸುಮಾರು 51 ಮಿಲಿಗ್ರಾಂ. 1 ಮಿಲಿಮೀಟರ್ ವ್ಯಾಸದ ತಂತಿಯಲ್ಲಿ 7 ಮಿಲಿಮೀಟರ್ ಉದ್ದಕ್ಕೆ ಇರುವಷ್ಟು ತಾಮ್ರ ಇದು. ಪ್ರವಾಹದ ಒಂದು ಪಾಲು ಆಮ್ಲಜನಕ ಬಿಡುಗಡೆಗೆ ಹೋಗುವುದರಿಂದ ನಿಜವಾದ ಪ್ರಮಾಣ ಕಡಿಮೆ ಇರಬಹುದು. ಆದರೂ ಕೆಲವು ವಾರಗಳಲ್ಲಿ ತಂತಿ ಸವೆಯುವುದನ್ನು ಕಣ್ಣಾರೆ ಕಾಣಬಹುದು. ಆ ತಾಮ್ರ ಹೋಗುವುದು ನಾವು ಬಳಸುವ ನೀರಿಗೆ. 1000 ಲೀಟರ್ ತೊಟ್ಟಿಯಲ್ಲಿ 51 ಮಿಲಿಗ್ರಾಂ ಎಂದರೆ ಲೀಟರಿಗೆ 0.05 ಮಿಲಿಗ್ರಾಂ. ಐಎಸ್ 10500 ತಾಮ್ರಕ್ಕೆ ವಿಧಿಸಿರುವ ಸ್ವೀಕಾರಾರ್ಹ ಮಿತಿಯೂ ಅಷ್ಟೇ.

ಡಾರ್ಲಿಂಗ್ಟನ್ ಜೋಡಣೆಯಲ್ಲಿ 220 ಕಿಲೋಓಮ್ ರೋಧಕ ಹಾಕಿದರೆ ನೀರಿನಲ್ಲಿ ಹರಿಯುವುದು 49 ಮೈಕ್ರೊಆಂಪಿಯರ್ ಮಾತ್ರ. ಸವೆತ ತಿಂಗಳಿಗೆ ಸುಮಾರು 6 ಮಿಲಿಮೀಟರ್ ತಂತಿಯಷ್ಟಕ್ಕೆ ಇಳಿಯುತ್ತದೆ. ಎರಡನೆಯ ಟ್ರಾನ್ಸಿಸ್ಟರ್ ಏಕೆ ಬೇಕು ಎಂಬ ಪ್ರಶ್ನೆಗೆ ಇದೇ ಸರಿಯಾದ ಉತ್ತರ. ಆದರೆ ಇಷ್ಟು ಸೂಕ್ಷ್ಮವಾದ ಜೋಡಣೆಯನ್ನು ಸರಳುಗಳನ್ನು ಹಿಡಿದ ಹಲಗೆಯ ಮೇಲಿನ ತೇವವೂ ಮೋಸಗೊಳಿಸಬಹುದು. ಮೊದಲ ಬೇಸ್‌ನಿಂದ ಋಣ ತುದಿಗೆ 100 ಕಿಲೋಓಮ್‌ನ ಇನ್ನೊಂದು ರೋಧಕ ಜೋಡಿಸಿದರೆ ಸುಮಾರು 12 ಮೈಕ್ರೊಆಂಪಿಯರ್ ಆ ದಾರಿಯಲ್ಲಿ ಹೋಗುತ್ತದೆ. ಒಂದು ಮೆಗಾಓಮ್ ರೋಧದ ತೇವದ ಪದರಕ್ಕೆ ಆಗ ರಿಲೇಯನ್ನು ಸೆಳೆಯುವ ಶಕ್ತಿ ಉಳಿಯುವುದಿಲ್ಲ.

ಸರಳುಗಳಿಗೆ ತಾಮ್ರದ ಬದಲು ತುಕ್ಕುರಹಿತ ಉಕ್ಕು ಉತ್ತಮ, ಪ್ರಯೋಗಕ್ಕೆ ಹಳೆಯ ಶುಷ್ಕಕೋಶದ ಇಂಗಾಲದ ಕಡ್ಡಿಯೂ ಆದೀತು. ಮೂಲದಲ್ಲೇ ಪರಿಹಾರ ಬೇಕೆಂದರೆ ನೀರಿನಲ್ಲಿ ಪರ್ಯಾಯ ವಿದ್ಯುತ್ ಹರಿಸಬೇಕು. ಒಂದು ಅರ್ಧಚಕ್ರದಲ್ಲಿ ಆದದ್ದು ಮರು ಅರ್ಧಚಕ್ರದಲ್ಲಿ ಬಹುಪಾಲು ಹಿಂತಿರುಗುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ವಾಹಕತೆಯಾಧಾರಿತ ಮಟ್ಟನಿಯಂತ್ರಕಗಳಲ್ಲಿ ಈ ಕ್ರಮವೇ ಇದೆ.

ಸೋಲುವ ದಿಕ್ಕು

ಸರಳು ಸವೆದರೆ ಬದಲಾಯಿಸಿದರಾಯಿತು ಎನ್ನಬಹುದು. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲೇ. ಸವೆಯುವುದು ಧನ ತುದಿಗೆ ಸೇರಿದ ತಳದ ಸರಳು. ಇತ್ತ ಗಡಸು ನೀರಿನಲ್ಲಿ ಋಣ ಸರಳಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಬಿಳಿಯ ಪದರ ಕೂರುತ್ತದೆ, ಅದು ಅವಾಹಕ. ಒಂದು ದಿನ ಸಂಪರ್ಕ ತಪ್ಪುತ್ತದೆ. ಆಗ ಮಂಡಲಕ್ಕೆ ಏನು ಕಾಣುತ್ತದೆ? ಪ್ರವಾಹವಿಲ್ಲ, ಆದ್ದರಿಂದ ನೀರಿಲ್ಲ. ತೊಟ್ಟಿ ತುಂಬಿ ಹರಿಯುತ್ತಿದ್ದರೂ ಮೋಟಾರು ಓಡುತ್ತಲೇ ಇರುತ್ತದೆ. ಸಂಪಿನಲ್ಲಿ ನೀರು ಮುಗಿದ ಮೇಲೂ ಓಡಿ ಬಿಸಿಯಾಗುತ್ತದೆ. ತಂತಿಯನ್ನು ಇಲಿ ಕಡಿದರೂ ಫಲ ಅದೇ. ಮುಖ್ಯ ಮಂಡಲದಲ್ಲಿ ವಿದ್ಯುತ್ ಇದ್ದು ನಿಯಂತ್ರಕದ 12 ವೋಲ್ಟ್ ಆಕರ ಮಾತ್ರ ಕೆಟ್ಟರೂ ಫಲ ಅದೇ.

ಅಂದರೆ ಈ ಮಂಡಲ ಕೆಲಸ ಮಾಡುತ್ತಲೇ ತನ್ನನ್ನು ತಾನು ಅಪಾಯದ ಕಡೆಗೆ ತಳ್ಳಿಕೊಳ್ಳುತ್ತದೆ. ಹತ್ತು ನಿಮಿಷದ ಪ್ರದರ್ಶನದಲ್ಲಿ ಇದು ಕಾಣುವುದಿಲ್ಲ. ಮಂಡಲವನ್ನು ನಂಬಿ ಮನೆಯವರು ತೊಟ್ಟಿಯ ಕಡೆ ನೋಡುವುದನ್ನೇ ಬಿಟ್ಟ ಮೇಲೆ ಕಾಣುತ್ತದೆ.

ರೈಲಿನ ಬ್ರೇಕನ್ನು ನೆನಪಿಸಿಕೊಳ್ಳಿ. ಬ್ರೇಕಿನ ಕೊಳವೆ ತುಂಡಾದರೆ ರೈಲು ನಿಲ್ಲುತ್ತದೆ, ಓಡುವುದಿಲ್ಲ. ಕೆಡುವುದನ್ನು ಪೂರ್ತಿ ತಡೆಯಲಾಗದು, ಆದರೆ ಕೆಟ್ಟಾಗ ಯಾವ ಕಡೆಗೆ ವಾಲಬೇಕೆಂಬುದನ್ನು ಮೊದಲೇ ನಿರ್ಧರಿಸಬಹುದು. ನಮ್ಮ ಮಂಡಲದಲ್ಲಿ ಸರಳಿನ ನಡುವಿನ ಗಾಳಿಗೂ ತುಂಡಾದ ತಂತಿಗೂ ವ್ಯತ್ಯಾಸವೇ ಇಲ್ಲ. ಎರಡೂ ತೆರೆದ ಮಂಡಲಗಳೇ. ಆದ್ದರಿಂದ ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿ ರಿಲೇಯ ವರ್ತನೆಯನ್ನು ತಿರುವುಮುರುವು ಮಾಡಿದರೆ ಆಕರ ಕೆಟ್ಟಾಗ ಮೋಟಾರು ನಿಲ್ಲುತ್ತದೆಯೇ ಹೊರತು, ಸರಳು ಕೆಟ್ಟದ್ದು ತಿಳಿಯುವುದಿಲ್ಲ.

ಇದಕ್ಕೆ ಹೋಲಿಸಿದರೆ ತೇಲುಬುರುಡೆಯ ಸ್ವಿಚ್ಚು ಎಷ್ಟೋ ಜಾಣ ಸಾಧನ. ಬುರುಡೆ ಕೆಳಗಿದ್ದಾಗ ಸಂಪರ್ಕ ಕೂಡಿರಬೇಕು, ನೀರು ತುಂಬಿ ಬುರುಡೆ ಮೇಲೆದ್ದಾಗ ಬಿಡಬೇಕು. ಆಗ ತುಂಡಾದ ತಂತಿ ಕೂಡ 'ತೊಟ್ಟಿ ತುಂಬಿದೆ' ಎಂದೇ ಹೇಳುತ್ತದೆ, ಮೋಟಾರು ನಿಲ್ಲುತ್ತದೆ. ನೀರಿನಲ್ಲಿ ಪ್ರವಾಹವೂ ಇಲ್ಲ, ಸವೆತವೂ ಇಲ್ಲ, ನೀರಿನ ಲವಣಾಂಶದ ಗೊಡವೆಯೂ ಇಲ್ಲ. ಇದರಲ್ಲಿ ಟ್ರಾನ್ಸಿಸ್ಟರ್ ಇಲ್ಲವಲ್ಲ ಎಂದು ಬಹುಮಾನ ತಪ್ಪಿಸಬೇಡಿ.

ಒಂದು ಮಟ್ಟ ಸಾಲದು

ಸಾವಿರ ಲೀಟರಿನ ಸಾಮಾನ್ಯ ದುಂಡು ತೊಟ್ಟಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಒಂದು ಚದರ ಮೀಟರ್. ನೀರಿನ ಮಟ್ಟ 1 ಮಿಲಿಮೀಟರ್ ಇಳಿಯಬೇಕಾದರೆ ಸುಮಾರು ಒಂದು ಲೀಟರ್ ಬಳಸಿದರೆ ಸಾಕು. ಮೇಲ್ಮಟ್ಟದಲ್ಲಿ ಒಂದೇ ಸರಳಿದ್ದರೆ ಒಂದೆರಡು ಮಗ್ ನೀರು ಹಿಡಿದಾಗಲೆಲ್ಲ ಮೋಟಾರು ಹೊರಡುತ್ತದೆ, ಕ್ಷಣದಲ್ಲಿ ನಿಲ್ಲುತ್ತದೆ. ನೀರು ಬೀಳುವಾಗ ಏಳುವ ಅಲೆಗಳಿಗೂ ರಿಲೇ ಕಟಕಟನೆ ಬಡಿದುಕೊಳ್ಳುತ್ತದೆ.

ಇದರಿಂದ ಟ್ರಾನ್ಸಿಸ್ಟರ್ ಸುಡುತ್ತದೆ ಎಂದು ಕೆಲವರು ಹೇಳುವುದುಂಟು. ಅದು ತಪ್ಪು. 12 ವೋಲ್ಟ್, 400 ಓಮ್‌ನ ಮಂಡಲದಲ್ಲಿ ಟ್ರಾನ್ಸಿಸ್ಟರ್ ಅರೆತೆರೆದಿದ್ದರೂ ಅದರಲ್ಲಿ ವ್ಯಯವಾಗುವ ಗರಿಷ್ಠ ಸಾಮರ್ಥ್ಯ 90 ಮಿಲಿವ್ಯಾಟ್. ಬಿಸಿ 547 ಅದರ ಐದು ಪಟ್ಟನ್ನು ತಾಳಬಲ್ಲದು. ಹಾಳಾಗುವುದು ರಿಲೇಯ ಸಂಪರ್ಕಬಿಂದುಗಳು. ಒಂದು ಅಶ್ವಶಕ್ತಿಯ ಪಂಪು ಓಡುವಾಗ 5ರಿಂದ 7 ಆಂಪಿಯರ್ ಎಳೆದರೆ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಪ್ರತಿ ಬಡಿತಕ್ಕೂ ಕಿಡಿ. ಕೊನೆಗೆ ಬಿಂದುಗಳು ಬೆಸೆದುಕೊಂಡರೆ ಮೋಟಾರು ನಿಲ್ಲುವುದೇ ಇಲ್ಲ. ರಿಲೇಯ ಮೈಮೇಲೆ '10 ಆಂಪಿಯರ್' ಎಂದು ಬರೆದಿರುವುದು ಸಾಮಾನ್ಯವಾಗಿ ಶುದ್ಧ ರೋಧಕ ಹೊರೆಗೆ, ಮೋಟಾರಿಗಲ್ಲ. ಮೋಟಾರಿಗೆ ಕಾಂಟ್ಯಾಕ್ಟರ್ ಬೇಕು, ಪುಟ್ಟ ರಿಲೇ ಅದರ ಸುರುಳಿಯನ್ನಷ್ಟೇ ನಿಯಂತ್ರಿಸಬೇಕು.

ಬಡಿತವನ್ನು ತಪ್ಪಿಸುವ ಉಪಾಯ ಸುಂದರವಾಗಿದೆ. ಎರಡು ಜೊತೆ ಸಂಪರ್ಕಗಳಿರುವ ರಿಲೇ ತೆಗೆದುಕೊಳ್ಳಿ. ತೊಟ್ಟಿಯ ನಡುಮಟ್ಟದಲ್ಲಿ ಮೂರನೆಯ ಸರಳಿಡಿ. ರಿಲೇ ಸೆಳೆದುಕೊಂಡಾಗ ಮಾತ್ರ ಈ ಸರಳು ಬೇಸ್‌ನ ರೋಧಕಕ್ಕೆ ಸೇರುವಂತೆ ಎರಡನೆಯ ಜೊತೆಯನ್ನು ಜೋಡಿಸಿ. ತುಂಬುವಾಗ ರಿಲೇ ಮೇಲಿನ ಸರಳಿನವರೆಗೆ ಕಾಯುತ್ತದೆ. ಇಳಿಯುವಾಗ ನಡುವಿನ ಸರಳನ್ನು ನೀರು ಬಿಡುವವರೆಗೆ ಹಿಡಿದುಕೊಂಡಿರುತ್ತದೆ. ತನ್ನ ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಮಂಡಲ ಇದು. ಸ್ಮೃತಿಮಂಡಲಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೇ?

ಸುರುಳಿಗೆ ಅಡ್ಡಲಾಗಿ ಹಾಕುವ ಡಯೋಡನ್ನು ಕೆಲವು ಚಿತ್ರಗಳು ಬಿಟ್ಟೇಬಿಡುತ್ತವೆ. ಸುರುಳಿಯ ಪ್ರವಾಹ ಥಟ್ಟನೆ ಕಡಿದಾಗ ಪ್ರೇರಿತ ವೋಲ್ಟೇಜು ಬಿಸಿ 547 ತಾಳಬಲ್ಲ 45 ವೋಲ್ಟನ್ನು ಸುಲಭವಾಗಿ ಮೀರುತ್ತದೆ. 1ಎನ್ 4007 ಡಯೋಡಿನ ಗೆರೆಯಿರುವ ತುದಿ ಧನ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಟ್ರಾನ್ಸಿಸ್ಟರ್ ತೆರೆದುಕೊಂಡ ಕ್ಷಣವೇ ಹ್ರಸ್ವಮಂಡಲವಾಗುತ್ತದೆ.

230 ವೋಲ್ಟ್ ಮತ್ತು ಒದ್ದೆ ಕೈ

ಇದುವರೆಗಿನ ಲೋಪಗಳಿಂದ ಮೋಟಾರು ಕೆಟ್ಟೀತು, ನೀರು ಪೋಲಾದೀತು. ಮುಂದಿನದರಿಂದ ಮಗುವಿನ ಪ್ರಾಣವೇ ಹೋದೀತು. ಪರಿವರ್ತಕದ ಖರ್ಚು ಉಳಿಸಲು ಕೆಪಾಸಿಟರ್ ಒಂದರ ಮೂಲಕ ಮನೆಯ ವಿದ್ಯುತ್ತಿನಿಂದ ನೇರವಾಗಿ 12 ವೋಲ್ಟ್ ಪಡೆಯುವ ಚಿತ್ರಗಳನ್ನೂ ನಾನು ಕಂಡಿದ್ದೇನೆ. ಇಂಥ ಆಕರದಲ್ಲಿ ಸರಳುಗಳಿಗೂ 230 ವೋಲ್ಟ್ ತಂತಿಗೂ ನಡುವೆ ಪ್ರತ್ಯೇಕತೆಯೇ ಇರುವುದಿಲ್ಲ. ಅದನ್ನು ತೊಟ್ಟಿಗೆ ಜೋಡಿಸುವುದು ನೀರಿಗೆ ವಿದ್ಯುತ್ ತಗುಲಿಸಿದಂತೆ. ಮನೆಗಳಲ್ಲಿ ಅಳವಡಿಸುವ ಸೋರಿಕೆ ರಕ್ಷಕಗಳು 30 ಮಿಲಿಆಂಪಿಯರ್ ಸೋರಿದರೆ ಸಂಪರ್ಕ ಕಡಿಯುತ್ತವೆ. ನಮ್ಮ ಪುಟ್ಟ ರಿಲೇಯನ್ನು ಸೆಳೆಯಲು ಬೇಕಾದ ಪ್ರವಾಹವೂ ಹೆಚ್ಚುಕಡಿಮೆ ಅಷ್ಟೇ. ಮನುಷ್ಯನ ದೇಹಕ್ಕೆ ಅಷ್ಟು ಪ್ರವಾಹ ಅಪಾಯಕಾರಿ ಎಂಬುದನ್ನು ಮಕ್ಕಳಿಗೆ ಇದೇ ಹೋಲಿಕೆಯಿಂದ ಹೇಳಿ.

ಶಾಲೆಯ ಮಾದರಿಯಲ್ಲಿ 230 ವೋಲ್ಟ್ ಇರಲೇಕೂಡದು. 12 ವೋಲ್ಟ್ ಬ್ಯಾಟರಿ, 12 ವೋಲ್ಟ್‌ನ ಪುಟ್ಟ ಮೋಟಾರು ಅಥವಾ ದೀಪ ಸಾಕು. ನಿಜವಾದ ಪಂಪಿಗೆ ಜೋಡಿಸುವ ಕೆಲಸ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರದು.

ತೀರ್ಪುಗಾರ ಕೇಳಬೇಕಾದದ್ದು

ಕೈಪಿಡಿಯ ಲೇಖಕರನ್ನಷ್ಟೇ ದೂರಿ ಪ್ರಯೋಜನವಿಲ್ಲ. 'ಕೆಲಸ ಮಾಡುತ್ತದೆಯೇ?' ಎಂಬ ಒಂದೇ ಪ್ರಶ್ನೆ ಕೇಳಿ ಅಂಕ ಕೊಡುವ ನಮ್ಮಂಥ ತೀರ್ಪುಗಾರರೂ ಈ ನಕಲಿನ ಪಾಲುದಾರರೇ. ಮುಂದಿನ ಬಾರಿ ಈ ಮಾದರಿ ನಿಮ್ಮ ಮುಂದೆ ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ ನೋಡಿ. ಈ ರೋಧಕಕ್ಕೆ ಇದೇ ಬೆಲೆ ಏಕೆ? ನೀರು ಬದಲಾದರೆ ಏನಾಗುತ್ತದೆ, ಪರೀಕ್ಷಿಸಿದ್ದೀಯಾ? ಒಂದು ತಿಂಗಳ ಮೇಲೆ ಈ ತಂತಿ ಹೇಗಿರುತ್ತದೆ? ಈ ತಂತಿ ಈಗ ತುಂಡಾದರೆ ಮೋಟಾರು ಓಡುತ್ತದೆಯೋ ನಿಲ್ಲುತ್ತದೆಯೋ?

ಕೊನೆಯ ಪ್ರಶ್ನೆಗೆ ಉತ್ತರಿಸಲು ವಿದ್ಯಾರ್ಥಿನಿ ತಂತಿಯನ್ನು ಕಿತ್ತು ನೋಡಿದರೆ ಸಾಕು. ಅಂಥ ಧೈರ್ಯಕ್ಕೆ ಅಂಕ ಕೊಡಿ.

ವಿದ್ಯಾರ್ಥಿಗಳೇ, ನೀವು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮೂರ ಬೋರ್‌ವೆಲ್, ಕೆರೆ, ಮಳೆನೀರು, ಕ್ಯಾನಿನ ನೀರು - ನಾಲ್ಕನ್ನೂ ಒಂದೇ ಅಳತೆಯ ಲೋಟಗಳಲ್ಲಿ ತುಂಬಿ, ಒಂದೇ ಅಂತರದಲ್ಲಿ ಸರಳುಗಳನ್ನಿಟ್ಟು ಮಲ್ಟಿಮೀಟರಿನಿಂದ ರೋಧವನ್ನು ಅಳೆಯಿರಿ. ಅಂಕಿ ಒಂದೆಡೆ ನಿಲ್ಲದೆ ಜರುಗುತ್ತಿರುವುದನ್ನು ಕಾಣುತ್ತೀರಿ. ಮೀಟರು ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ನೀರಿನಲ್ಲಿ ನೇರ ವಿದ್ಯುತ್ ಹರಿಸುವುದರಿಂದ ಸರಳುಗಳ ಮೇಲ್ಮೈಯಲ್ಲಿ ನಡೆಯುವ ಧ್ರುವೀಕರಣದ ಫಲ. ಅದನ್ನೂ ಬರೆದುಕೊಳ್ಳಿ. ಆಮೇಲೆ ನಿಮ್ಮ ಟ್ರಾನ್ಸಿಸ್ಟರ್‌ನ ವರ್ಧನೆಯನ್ನು ಅಳೆದು, ರೋಧಕದ ಬೆಲೆಯನ್ನು ನೀವೇ ನಿರ್ಧರಿಸಿ.

ಆ ಹುಡುಗನ ಕೈಗೆ ಅಂದು ಒಂದು ಮಲ್ಟಿಮೀಟರ್ ಕೊಟ್ಟು, 'ಎರಡೂ ನೀರನ್ನು ಅಳೆದು ತೋರಿಸು' ಎಂದು ನಾನು ಹೇಳಬಹುದಿತ್ತು. ಐದು ನಿಮಿಷದ ಕೆಲಸ. ಮೀಟರು ನನ್ನ ಚೀಲದಲ್ಲೇ ಇತ್ತು.